ಬಲಗಣ್ಣಿಗೆ ಕಾಣದ ಬದಿ

ನನ್ನ ಅಕ್ಕನ ಮನೆ ಬ್ರಹ್ಮಾವರದಲ್ಲಿ. ಶಾಲೆಯಲ್ಲಿ ಟೀಚರ್ ಆಗಿದ್ದವಳು, ಈಗ ನಿವೃತ್ತಿ. ವರ್ಷಕ್ಕೊಮ್ಮೆ, ಮೈಯಲ್ಲಿ ಯಾವ ತೊಂದರೆ ಇಲ್ಲದಿದ್ದರೂ, ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು, ಬಿ.ಪಿ. ನೋಡಿಸಿ, ಇ.ಸಿ.ಜಿ. ಮಾಡಿಸಿಕೊಂಡು ಬರುವುದು ಅವಳ ಕ್ರಮ. ಹಾಗೆ ಹೋದಾಗಲೇ ಒಂದು ವರ್ಷ ಅವಳಿಗೆ ಬಿ.ಪಿ. ಇರುವುದು ಗೊತ್ತಾದದ್ದು. ಅಲ್ಲಿಂದ ಅವಳಿಗೆ ಸಿಕ್ಕಿದವರಿಗೆಲ್ಲ ಬುದ್ಧಿ ಹೇಳುವ ಅಭ್ಯಾಸ. ಫೋನ್ ಮಾಡಿದರೆ ಮೊದಲ ಮಾತೇ, "ನೀನ್ ಒಂದ್ ಸಲ ತೋರ್ಸ್ಕಂಡ್ ಬಾ ಮಾರಾಯ್ತಿ" ಎನ್ನುವುದು.

ನಾನಿರುವುದು ಉಪ್ಪುಂದದಲ್ಲಿ. ರಸ್ತೆ ಬದಿಯಲ್ಲಿ, ಮನೆಗೆ ತಾಗಿಯೇ ಒಂದು ಸಣ್ಣ ಅಂಗಡಿ, ಅದರಲ್ಲಿ ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ಗಂಡ ಮುಂಬೈಯ ಹೋಟೆಲಿನಲ್ಲಿ ದುಡಿದು ಬಂದು, ಈಗ ಬೈಂದೂರು ಬಸ್ ನಿಲ್ದಾಣದ ಹತ್ತಿರ ಚಹಾ ತಿಂಡಿಯ ಹೋಟೆಲು ಇಟ್ಟುಕೊಂಡಿದ್ದಾರೆ. ಡಾಕ್ಟರು ಅಂದರೆ ನನಗೆ ಹೆದರಿಕೆ ಇಲ್ಲ, ಅನುಮಾನ. ಅದಕ್ಕೆ ಕಾರಣವೂ ಇದೆ. ಹಿಂದೊಮ್ಮೆ ಬೈಂದೂರಿನ ಒಂದು ಹಾಲ್‌ನಲ್ಲಿ ಉಚಿತ ತಪಾಸಣೆ ಶಿಬಿರ ಮಾಡಿದ್ದರು. ಯಾವುದೋ ದೂರದ ಊರಿನ ಆಸ್ಪತ್ರೆಯವರು. ಉಚಿತ ಅಲ್ಲವಾ ಅಂತ ನಾನೂ ಹೋಗಿ ಕೂತೆ. ಎದೆಗೆ ತಂತಿ ಅಂಟಿಸಿ ಚೀಟಿ ತೆಗೆದು, "ಹಾರ್ಟಲ್ಲಿ ಸ್ವಲ್ಪ ಪ್ರಾಬ್ಲಂ ಉಂಟು, ಇವತ್ತೇ ನಮ್ಮ ಆಸ್ಪತ್ರೆಗೆ ಬನ್ನಿ, ವ್ಯಾನ್ ರೆಡಿ ಇದೆ" ಎಂದರು. ನನ್ನ ಹಾಗೆಯೇ ಹಾರ್ಟ್ ಪ್ರಾಬ್ಲಂ ಇದ್ದವರು ಆಗಲೇ ಅರ್ಧ ವ್ಯಾನ್ ತುಂಬಿದ್ದರು. ನಾನು ಹತ್ತಲಿಲ್ಲ. ಅದೇ ಚೀಟಿಯನ್ನು ನಮ್ಮ ಊರಿನ ಹಳೆಯ ಡಾಕ್ಟರಿಗೆ ತೋರಿಸಿದೆ. ಅವರು ಇನ್ನೊಮ್ಮೆ ತೆಗೆಸಿ ನೋಡಿ, ಏನೂ ಇಲ್ಲ ಅಂತ ಕಳಿಸಿಕೊಟ್ಟರು. ಆವತ್ತಿನಿಂದ, ಹುಷಾರಾಗಿರುವವರನ್ನು ಕರೆದು ಪರೀಕ್ಷೆ ಮಾಡುವವರಿಗೆ ರೋಗ ಸಿಗದೆ ಬಿಡುವುದಿಲ್ಲ ಎಂದು ನಾನು ತೀರ್ಮಾನ ಮಾಡಿಕೊಂಡುಬಿಟ್ಟೆ.

ಮೂರು ವರ್ಷದ ಹಿಂದೆ ಮಳೆಗಾಲ ಮುಗಿದ ಮೇಲೆ ಒಂದು ದಿನ ಅಕ್ಕ ಫೋನ್ ಮಾಡಿದಳು. "ನಾಳ್ದ್ ನನ್ನ ಚೆಕಪ್ ಇತ್ತ್. ಜೊತೆಗ್ ಯಾರೂ ಇಲ್ಲ. ನೀನ್ ಬರ್ಕ್. ತಿಂಡಿ ತಿನ್ಕಂಡ್ ಬರ್ಬೇಡ, ಇಲ್ಲೇ ಒಟ್ಟಿಗೆ ತಿಂಬ."

ಅವಳ ಚೆಕಪ್ಪಿಗೆ ನಾನು ಯಾಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅಂತ ಆಗಲೇ ಸಂಶಯ ಬಂತು. ಆದರೂ ಆ ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಆಸ್ಪತ್ರೆಗೆ ಹೋಗಿ ನೋಡಿದರೆ, ಕೌಂಟರಿನ ಹುಡುಗಿ ನನ್ನ ಹೆಸರನ್ನೇ ಕೂಗಿದಳು. ಅಕ್ಕ ಆಚೆ ಮುಖ ಮಾಡಿಕೊಂಡು ಕೂತಿದ್ದಳು.

"ಇದೆಂತ?" ಅಂದೆ.

"ಬಂದದ್ದ್ ಬಂದಾಯ್ತಲ್ಲ. ಒಂದ್ ಸಲ ಮಾಡ್ಸ್ಕೊ. ಏನಿಲ್ಲ ಅಂದ್ರೆ ಇನ್ಮೇಲೆ ನಾನ್ ಹೇಳುದಿಲ್ಲ."

ಆ ಕೊನೆಯ ಮಾತಿಗೆ ಒಪ್ಪಿದೆ. ಸೂಜಿ ಚುಚ್ಚುವಾಗ ಅದು ಹೊಸದೇ ಅಂತ ನೋಡಿಕೊಂಡೆ. ಬಾಟಲಿಯ ಮೇಲೆ ನನ್ನದೇ ಹೆಸರು ಬರೆದರಾ ಅಂತಲೂ ನೋಡಿದೆ. ಸಕ್ಕರೆ ಸರಿ ಇತ್ತು, ಬಿ.ಪಿ. ಸರಿ, ಎದೆಯ ಚೀಟಿಯೂ ಸರಿ. ಪ್ರತಿಸಲ ಸರಿ ಎಂದಾಗಲೂ ನಾನು ಅಕ್ಕನ ಮುಖ ನೋಡುತ್ತಿದ್ದೆ. ಅವಳೇನೂ ಸೋತ ಹಾಗೆ ಕಾಣಲಿಲ್ಲ. ಕಡೆಗೆ ಕಣ್ಣಿನ ಕೋಣೆಗೆ ಕಳಿಸಿದರು. ಅಲ್ಲೊಂದು ಯಂತ್ರಕ್ಕೆ ಗಲ್ಲ ಇಟ್ಟು ಕೂರಿಸಿ, ಕಣ್ಣಿಗೆ ಫಕ್ಕನೆ ಗಾಳಿ ಊದಿದರು. ಬಲಗಣ್ಣಿಗೆ ಇನ್ನೊಮ್ಮೆ ಊದಿದರು. ಮತ್ತೂ ಒಮ್ಮೆ ಊದಿದರು.

"ಒತ್ತಡ ಜಾಸ್ತಿ ಇದೆ," ಎಂದಳು ಕಣ್ಣಿನ ಡಾಕ್ಟರು. ಎಳೆ ವಯಸ್ಸಿನವಳು.

"ಆಚೆ ಕೋಣೆಯಲ್ಲಿ ಈಗಷ್ಟೇ ಬಿ.ಪಿ. ಸರಿ ಇದೆ ಅಂದ್ರಲ್ಲ?"

"ಅದು ರಕ್ತದ್ದು ಅಮ್ಮ. ಇದು ಕಣ್ಣಿನ ಒಳಗಿನ ಒತ್ತಡ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಒಂದೇ ಮೈಯಲ್ಲಿ ಎರಡೆರಡು ಒತ್ತಡ ಅಂದರೆ ಯಾರು ನಂಬುತ್ತಾರೆ? ಮತ್ತೊಂದು ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು. ಬೋಗುಣಿಯ ಹಾಗಿನ ಬಿಳಿ ಯಂತ್ರ. ಒಂದು ಕಣ್ಣಿಗೆ ಮುಚ್ಚಳ ಕಟ್ಟಿ, ಕೈಗೆ ಒಂದು ಗುಂಡಿ ಕೊಟ್ಟು, "ನಡುವಿನ ದೀಪವನ್ನೇ ನೋಡ್ತಾ ಇರಿ, ಸುತ್ತ ಎಲ್ಲಿ ಚುಕ್ಕಿ ಬೆಳಕು ಕಂಡರೂ ಒತ್ತಿ" ಎಂದರು. ಎಡಗಣ್ಣಿನ ಸರದಿ ಬೇಗ ಮುಗಿಯಿತು. ಬಲಗಣ್ಣಿಗೆ ಬಂದಾಗ, ಸ್ವಲ್ಪ ಹೊತ್ತು ಚುಕ್ಕಿ ಬಂದವು, ಆಮೇಲೆ ನಿಂತೇ ಹೋದವು. ನಾನು ಕಾದೆ. ಯಂತ್ರ ಮಾತ್ರ ಟಿಕ್ ಟಿಕ್ ಅನ್ನುತ್ತಿತ್ತು. ಕಡೆಗೆ ತಲೆ ಹಿಂದಕ್ಕೆ ತೆಗೆದು, ಅಲ್ಲಿ ನಿಂತಿದ್ದ ಹುಡುಗಿಗೆ, "ಇದ್ ಹಾಳಾಯ್ತ್ ಕಾಣ್, ಬೆಳ್ಕೇ ಬತ್ತಾ ಇಲ್ಲ," ಅಂದೆ.

ಅವಳೂ ನಮ್ಮ ಕಡೆಯವಳೇ. "ಬತ್ತಾ ಇತ್ತ್ ಅಮ್ಮ, ನೀವ್ ಒತ್ತಾ ಇಲ್ಲ," ಅಂದಳು.

ಡಾಕ್ಟರು ಕಾಗದ ನೋಡಿ ಗ್ಲಾಕೋಮಾ ಎಂದಳು. ಕಣ್ಣಿನ ಹಿಂದಿನ ನರ ಒತ್ತಡಕ್ಕೆ ಸ್ವಲ್ಪಸ್ವಲ್ಪವೇ ಹಾಳಾಗುವ ರೋಗ, ನೋವಿಲ್ಲ, ಕೆಂಪಾಗುವುದಿಲ್ಲ, ಹಾಳಾದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಲು ದಿನಾ ಡ್ರಾಪ್ಸ್ ಹಾಕಬೇಕು. "ಎಷ್ಟು ದಿನ?" ಎಂದು ಕೇಳಿದೆ. "ಯಾವಾಗಲೂ," ಎಂದಳು.

ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ನೋವಿಲ್ಲದ ರೋಗ, ಮುಗಿಯದ ಮದ್ದು. ವ್ಯಾನ್ ಒಂದು ನಿಲ್ಲಿಸಿರಲಿಲ್ಲ, ಅಷ್ಟೇ ವ್ಯತ್ಯಾಸ. ಅಕ್ಕ ಅಲ್ಲಿಯೇ ಮದ್ದಿನ ಅಂಗಡಿಗೆ ಹೊರಟಳು. ನಾನು ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿ, "ಉಪ್ಪುಂದದಲ್ಲೇ ತಕಂತೆ," ಎಂದು ಹೇಳಿ ಬಸ್ಸು ಹಿಡಿದೆ. ತೆಗೆದುಕೊಳ್ಳುವ ಮನಸ್ಸು ಇರಲಿಲ್ಲ.

ಮನೆಗೆ ಬಂದವಳೇ ಸೂಜಿಗೆ ನೂಲು ಪೋಣಿಸಿ ನೋಡಿದೆ. ಕನ್ನಡಕ ಹಾಕಿದ್ದೆ, ಒಂದೇ ಸಲಕ್ಕೆ ಹೋಯಿತು. ಕಪ್ಪು ಬಟ್ಟೆಗೆ ಕಪ್ಪು ನೂಲಿನ ಹೊಲಿಗೆಯನ್ನು ನಾನು ಬಿಚ್ಚುತ್ತೇನೆ. ಇಂಥ ಕಣ್ಣಿಗೆ ರೋಗವಾ? ರಾತ್ರಿ ಊಟಕ್ಕೆ ಕೂತಾಗ ಗಂಡನ ಹತ್ತಿರ ಎಲ್ಲ ಹೇಳಿದೆ. ಅವರು ನನಗಿಂತ ಸಾಧು. "ಅಷ್ಟ್ ಓದಿದವ್ರ್ ಸುಮ್‌ಸುಮ್ನೆ ಹೇಳ್ತ್ರಾ?" ಅಂದರು.

"ಓದಿದವ್ರೇ ಹೇಳುದ್. ಓದದಿದ್ದವ್ರಿಗೆ ಹಾಂಗ್ ಹೇಳುಕೆ ಬತ್ತಿಲ್ಲ."

ಆದರೆ ಆ ಯಂತ್ರದ ಟಿಕ್ ಟಿಕ್ ನನ್ನ ಕಿವಿಯಿಂದ ಹೋಗಲಿಲ್ಲ. ಅದು ಸುಳ್ಳು ಹೇಳುತ್ತಿದ್ದರೆ ನನಗೆ ಗೊತ್ತಾಗಲೇಬೇಕು. ಎರಡು ಮೂರು ದಿನ ಬಿಟ್ಟು ಒಂದು ಭಾನುವಾರ, ಬೆಳಕಿರುವಾಗಲೇ, ಗಂಡನನ್ನು ಅಂಗಡಿಗೆ ಕರೆದೆ.

"ಹ್ವಾಯ್, ಇಲ್ಲ್ ಬನ್ನಿ. ನನ್ನ ಬೆನ್ನ ಹಿಂದ್ ನಿಂತ್ಕಣಿ."

ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಎದುರಿನ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಕೂತೆ. ಅವರ ಕೈಗೆ ಕೆಂಪು ನೂಲಿನ ಉಂಡೆ ಕೊಟ್ಟು, ಅದನ್ನು ಹಿಂದಿನಿಂದ ಮೆಲ್ಲಗೆ ಮುಂದಕ್ಕೆ ತರಬೇಕು, ಕಂಡ ಕೂಡಲೇ ನಾನು ಹೇಳುತ್ತೇನೆ ಅಂದೆ. ಬಲಗಡೆಯಿಂದ ತಂದಾಗ ಬೇಗನೆ ಕಂಡಿತು. ಎಡಗಡೆಯಿಂದ, ಮೂಗಿನ ಬದಿಯಿಂದ, ತಂದರು. ನಾನು ಕಾದೆ.

"ತನ್ನಿ," ಅಂದೆ.

"ತಂದಾಯ್ತ್."

"ಎಲ್ಲಿ? ಆಟ ಆಡ್ಬೇಡಿ."

"ಮಾರಾಯ್ತಿ, ಆಗ್ಳಿಂದ ಹಿಡ್ಕಂಡ್ ನಿಂತಿದ್ದೆ."

ತಲೆ ತಿರುಗಿಸಿದೆ. ಕೆಂಪು ಉಂಡೆ ನನ್ನ ಮುಖದ ಎದುರಿಗೇ, ಎಡಹುಬ್ಬಿಗಿಂತ ಸ್ವಲ್ಪ ಮೇಲೆ, ಅವರ ಬೆರಳಲ್ಲಿ ಇತ್ತು.

ಅಷ್ಟಕ್ಕೇ ನಂಬಲಿಲ್ಲ. ಮೂಗು ಎಲ್ಲರಿಗೂ ಅಡ್ಡವೇ, ಎಲ್ಲರಿಗೂ ಹೀಗೇ ಇರಬಹುದು ಅಂತ ಎಣಿಸಿದೆ. ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಎಡಗಣ್ಣು ಮುಚ್ಚಿಸಿ, ಅದೇ ಉಂಡೆಯನ್ನು ಅದೇ ಬದಿಯಿಂದ ತಂದೆ. ನನ್ನ ಕೈ ಅವರ ಎಡಗೆನ್ನೆ ದಾಟಿ ಸ್ವಲ್ಪ ಮುಂದೆ ಬಂದಿತ್ತಷ್ಟೆ. "ಕಂಡ್ತ್," ಎಂದರು. ಇನ್ನೊಮ್ಮೆ ಮಾಡಿದೆ. ಈ ಸಲ ಹೇಳದೆ ಕೇಳದೆ ಬೇರೆ ಎತ್ತರದಿಂದ ತಂದೆ. ಆಗಲೂ ಕಂಡಿತು. ನಾನು ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವರು ಕುರ್ಚಿಯಿಂದ ಎದ್ದರು. ಉಂಡೆಯನ್ನು ಡಬ್ಬಿಗೆ ಹಾಕಿ, ಚಹಾ ಮಾಡುತ್ತೇನೆ ಅಂತ ಒಳಗೆ ಹೋದರು.

ಆದರೂ ಬ್ರಹ್ಮಾವರಕ್ಕೆ ಹೋಗಲಿಲ್ಲ. ಕುಂದಾಪುರದಲ್ಲಿ ಒಬ್ಬ ಹಿರಿಯ ಕಣ್ಣಿನ ಡಾಕ್ಟರು ಇದ್ದಾರೆ ಅಂತ ಗಿರಾಕಿಯೊಬ್ಬಳು ಹೇಳಿದ್ದಳು. ಅವರಲ್ಲಿಗೆ ಹೋದೆವು. ಹಳೆಯ ಕಾಗದವೆಲ್ಲ ನನ್ನ ಚೀಲದ ತಳದಲ್ಲಿತ್ತು. ಗಂಡನಿಗೂ ಬಾಯಿ ಬಿಡಬಾರದು ಅಂತ ದಾರಿಯಲ್ಲೇ ಹೇಳಿಟ್ಟಿದ್ದೆ. ಡಾಕ್ಟರ ಹತ್ತಿರ, "ಕನ್ನಡಕದ ಪವರು ಬದಲಾಗಿದೆಯಾ ನೋಡಿ," ಎಂದಷ್ಟೇ ಹೇಳಿದೆ.

ಅವರು ಕನ್ನಡಕದ ಪರೀಕ್ಷೆ ಮಾಡಿದರು. ಆಮೇಲೆ ಡ್ರಾಪ್ಸ್ ಹಾಕಿ ಕೂರಿಸಿ, ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಬಲಗಣ್ಣನ್ನು ಎರಡೆರಡು ಸಲ ನೋಡಿದರು, ಒತ್ತಡವನ್ನೂ ಅಳೆದರು.

"ಮೊದಲು ಯಾರಾದರೂ ನಿಮಗೆ ಕಣ್ಣಿನ ಪ್ರೆಶರ್ ವಿಷಯ ಹೇಳಿದ್ದಾರಾ?" ಎಂದರು.

ಗಂಡ ಕೆಮ್ಮಿದರು. ಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಓದಿ, ಸಿಟ್ಟು ಮಾಡಿಕೊಳ್ಳಲಿಲ್ಲ. "ಒಳ್ಳೆಯದಾಯ್ತು, ಎರಡು ಕಡೆ ನೋಡಿದ ಹಾಗಾಯ್ತು. ಅವರು ಹೇಳಿದ್ದು ಸರಿ," ಎಂದರು.

"ಹಾಗಾದರೆ ನನಗೆ ಇಷ್ಟು ದಿನ ಗೊತ್ತೇ ಆಗಲಿಲ್ಲ ಯಾಕೆ? ನಾನು ದಿನವಿಡೀ ಕಣ್ಣಲ್ಲೇ ಕೆಲಸ ಮಾಡುವವಳು."

"ನಿಮಗೆ ನಡುವಿನದ್ದು ಚೆನ್ನಾಗಿ ಕಾಣ್ತದೆ. ಸೂಜಿ, ಅಕ್ಷರ, ಮುಖ ಎಲ್ಲ ನಡುವಿನದ್ದೇ. ಹೋಗಿರುವುದು ಬದಿಯದ್ದು. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡ್ತದೆ. ಎಡಗಣ್ಣಿಗೂ ಶುರುವಾಗಿದೆ, ಸ್ವಲ್ಪ. ಅದೂ ಹೋದ ಮೇಲೆ ಗೊತ್ತಾಗ್ತಿತ್ತು." ಬರೆಯಲು ಪೆನ್ನು ತೆಗೆದುಕೊಂಡು ಕೇಳಿದರು, "ಮನೆಯಲ್ಲಿ ಯಾರಿಗಾದರೂ ಇತ್ತಾ?"

ಇಲ್ಲ ಅನ್ನಲು ಹೊರಟಿದ್ದೆ. ಆಗ ಅಮ್ಮನ ನೆನಪಾಯಿತು. ಅಮ್ಮ ಕೊನೆಕೊನೆಗೆ ಯಾರಾದರೂ ಮಾತಾಡಿಸಿದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಅಂಗಳದಲ್ಲಿ ಎದುರಿಗೆ ಬಂದವರನ್ನು ನೋಡದೆ ದಾಟಿ ಹೋಗುತ್ತಾಳೆ, ಜಂಬ ಬಂದಿದೆ ಅಂತ ನೆರೆಕರೆಯವರು ಆಡಿಕೊಂಡಿದ್ದರು. ಆಮೇಲೆ ಹೊಸಿಲು ಎಡವತೊಡಗಿದಳು. ವಯಸ್ಸಾಯಿತು, ಪೊರೆ ಬಂದಿದೆ ಅಂತ ಎಲ್ಲರೂ ಎಣಿಸಿದೆವು. ಪೊರೆ ಅಂತ ಹೇಳಿದ ಡಾಕ್ಟರು ಯಾರೂ ಇಲ್ಲ. ಅಮ್ಮ ಯಾರಿಗೂ ತೋರಿಸಿಕೊಂಡವಳೇ ಅಲ್ಲ. ಇದನ್ನೆಲ್ಲ ಹೇಳಿದೆ. ಡಾಕ್ಟರು, "ಈಗ ಹೇಳೋದು ಕಷ್ಟ. ಇದ್ದಿರಬಹುದು. ನಿಮ್ಮ ಒಡಹುಟ್ಟಿದವರೆಲ್ಲ ತೋರಿಸಿಕೊಳ್ಳಲಿ," ಎಂದರು.

ಆವತ್ತೇ ಡ್ರಾಪ್ಸ್ ಕೊಂಡೆವು. ಪರೀಕ್ಷೆಗೆ ಹಾಕಿದ ಡ್ರಾಪ್ಸಿನ ಮಬ್ಬು ಇಳಿದ ಮೇಲೆ ಸಂಜೆ ಹೊರಟು, ಮನೆಗೆ ಬರುವ ದಾರಿಯಲ್ಲಿ ಬಸ್ಸಿನ ಕಿಟಕಿ ಬದಿಗೆ ಕೂತು, ಒಂದೊಂದೇ ಕಣ್ಣು ಮುಚ್ಚಿ ತೆರೆದು ನೋಡುತ್ತ ಬಂದೆ. ಬಲಗಣ್ಣೊಂದರಲ್ಲಿ ನೋಡಿದಾಗ ಎಡಬದಿಯಲ್ಲಿ ಕಪ್ಪು ಕಾಣುತ್ತದೆ ಅಂತ ಎಣಿಸಿದ್ದೆ. ಕಪ್ಪೂ ಇಲ್ಲ, ಮಂಜೂ ಇಲ್ಲ. ಅಲ್ಲಿ ಏನೋ ಇಲ್ಲ ಎನ್ನುವುದೂ ಕಾಣುವುದಿಲ್ಲ. ನನಗೆ ಹೆದರಿಕೆಯಾದದ್ದು ಆಗ. ನೋವು, ಜ್ವರ, ಕೆಮ್ಮು ಯಾವುದಾದರೂ ಒಂದು ಬಂದು ಹೇಳುತ್ತದೆ ಅಂತ ಇಷ್ಟು ವರ್ಷ ಮೈಯನ್ನು ನಂಬಿಕೊಂಡಿದ್ದೆ. ಎಲ್ಲರ ಮೇಲೂ ಅನುಮಾನ ಪಟ್ಟವಳು ಅದೊಂದರ ಮೇಲೆ ಪಟ್ಟಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಹೇಳಿದಾಗ, ನಾನ್ ಹೇಳಿದ್ನಲ್ಲ ಅಂತ ಶುರುಮಾಡುತ್ತಾಳೆ ಅಂತ ಕಾದೆ. ಅವಳು ಅತ್ತಳು. ಅವಳ ಕಣ್ಣು ಪ್ರತಿ ವರ್ಷವೂ ನೋಡಿಸಿದ್ದೇ, ಸರಿ ಇದೆ. ಉಳಿದವನು ತಮ್ಮ. ಮುಂಬೈಯಲ್ಲಿ ಕ್ಯಾಂಟೀನು ನಡೆಸುತ್ತಾನೆ, ಅನುಮಾನದಲ್ಲಿ ನನ್ನದೇ ಅಚ್ಚು. ಕಣ್ಣಿನ ಒತ್ತಡ ನೋಡಿಸು ಅಂತ ಅವನಿಗೂ ಫೋನ್ ಮಾಡಿ ಹೇಳಿದೆ.

"ಕಣ್ ತೋರ್ಸ್ದೆ ಸಣ್ಣಕ್ಕ, ಎಲ್ಲ ಸರಿ ಇತ್ತ್," ಅಂದ ಒಂದು ವಾರದ ಮೇಲೆ.

ಇಷ್ಟು ಬೇಗ ಒಪ್ಪಿದ್ದೇ ನನಗೆ ಸಂಶಯ. "ಕಾಗದದ ಫೋಟೋ ಕಳ್ಸ್," ಅಂದೆ. ಕಳಿಸಿದ. ಕನ್ನಡಕದ ಅಂಗಡಿಯವನು ಪವರು ಬರೆದು ಕೊಟ್ಟ ಚೀಟಿ. ಒತ್ತಡದ ಸುದ್ದಿಯೇ ಇಲ್ಲ.

"ಇದ್ ಕನ್ನಡ್ಕದ್ದ್. ನಾನ್ ಹೇಳಿದ್ದ್ ಇದಲ್ಲ."

"ಎಲ್ಲಾ ಒಂದೇ ಅಲ್ದಾ? ಅವ್ರೆಲ್ಲ ಕಮಿಷನ್ ತಿಂಬವ್ರ್."

"ತಿನ್ನಲಿ. ಊರಿಗ್ ಬಂದಾಗ ನಾನೇ ಕರ್ಕಂಡ್ ಹೋತೆ."

ಮೇ ತಿಂಗಳಲ್ಲಿ ಬಂದ. ಕುಂದಾಪುರಕ್ಕೆ ಹೋಗುವ ದಾರಿಯುದ್ದಕ್ಕೂ, ಬೇಡದ ಪರೀಕ್ಷೆ ಬರೆದರೆ ಮಾಡಿಸುವುದಿಲ್ಲ ಅಂತ ಹೇಳುತ್ತಲೇ ಇದ್ದ. ಡಾಕ್ಟರು ಏನು ಮಾಡಿದರೂ, ಅದು ಯಾಕೆ, ಇದು ಯಾಕೆ ಅಂತ ಕೇಳಿದ. ಅವರು ತಾಳ್ಮೆಯಿಂದ ಹೇಳಿದರು. ನರ ಚೆನ್ನಾಗಿದೆ, ಒತ್ತಡ ಗಡಿಯಲ್ಲಿದೆ, ಸದ್ಯಕ್ಕೆ ಮದ್ದು ಬೇಡ, ವರ್ಷಕ್ಕೊಮ್ಮೆ ಬಂದರೆ ಸಾಕು. ಮದ್ದು ಬೇಡ ಅಂದದ್ದು ಕೇಳಿ ಅವನು ನನ್ನ ಕಡೆ ತಿರುಗಿ ನೋಡಿದ. ಅದಕ್ಕೆ ಏನು ಅನುಮಾನ ಪಡಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ.

ನಾನೀಗ ಆರು ತಿಂಗಳಿಗೊಮ್ಮೆ ಹೋಗುತ್ತೇನೆ. ಹಳೆಯ ಕಾಗದ ಹೊಸ ಕಾಗದ ಅಕ್ಕಪಕ್ಕ ಇಟ್ಟು ತೋರಿಸಿ ಎನ್ನುತ್ತೇನೆ. ಇದುವರೆಗೆ ಎರಡೂ ಒಂದೇ ಹಾಗಿವೆ. ವರ್ಷಕ್ಕೊಮ್ಮೆ ಅಕ್ಕನ ಜೊತೆ ರಕ್ತವನ್ನೂ ಕೊಡುತ್ತೇನೆ, ಬಾಟಲಿಯ ಮೇಲಿನ ಹೆಸರನ್ನು ಈಗಲೂ ಓದಿಯೇ ಕೊಡುವುದು.

ಆ ಮೇ ತಿಂಗಳಲ್ಲಿ ಆಸ್ಪತ್ರೆಯಿಂದ ಹೊರಗೆ ಬಂದಾಗ ತಮ್ಮನ ಕಣ್ಣಿಗೆ ಪರೀಕ್ಷೆಗೆ ಹಾಕಿದ ಡ್ರಾಪ್ಸಿನ ಮಬ್ಬು ಇನ್ನೂ ಇಳಿದಿರಲಿಲ್ಲ. ಬಿಸಿಲಿಗೆ ಕಣ್ಣು ಬಿಡಲಾಗದೆ ಕರವಸ್ತ್ರವನ್ನು ಹಣೆಗೆ ಅಡ್ಡ ಹಿಡಿದುಕೊಂಡು ನಡೆದ. ಬಸ್ ನಿಲ್ದಾಣದಲ್ಲಿ ಒಂದು ಬಸ್ಸು ಬಂದು ನಿಂತಿತು.

"ಬೋರ್ಡ್ ಕಾಂತಿಲ್ಲ ಸಣ್ಣಕ್ಕ. ಬೈಂದೂರಿಗಾ?"

ಓದಿ ನೋಡಿದೆ. ಬೈಂದೂರಿಗೇ, ಉಪ್ಪುಂದದ ಮೇಲೆಯೇ ಹೋಗುವುದು. ಅವನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದೆ.