ಸೂಚನೆಯೇ ಕಾರಣವಲ್ಲ

ಮೊನ್ನೆ ಆಫೀಸಿನಲ್ಲಿ ಯಾರೋ ಬೋರ್ಡಿನ ಮಾರ್ಕರ್ ಪೆನ್ನಿಗೆ ಮುಚ್ಚಳ ಹಾಕದೆ ಹೋಗಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ, ಹೈದರಾಬಾದಿನ ಅಮೀರ್‌ಪೇಟ್‌ನ ಕಿಟಕಿಯಿಲ್ಲದ ಕೋಣೆಯಲ್ಲಿ ನಮಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಮೇಡಂ ನೆನಪಾದರು.

ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೊಂದು ಬಾಗಿಲು ತೆರೆಯುತ್ತಿದ್ದ ವರ್ಷಗಳವು. ನಾನು ತಾರ್ನಾಕದಿಂದ ಬಸ್ಸು ಹಿಡಿದು ಬರುತ್ತಿದ್ದೆ. ಮೇಡಂ ರಾಯಚೂರಿನವರು. ಪಾಠವೆಲ್ಲ ಇಂಗ್ಲಿಷ್, ತೆಲುಗಿನಲ್ಲಿ. ನನ್ನೊಬ್ಬಳ ಜೊತೆ ಮಾತ್ರ ಕನ್ನಡ. ಪ್ರಿಡಿಕ್ಟರ್ ವೇರಿಯಬಲ್ ಎಂದರೇನೆಂದು ನನ್ನ ತಲೆಗೆ ಹತ್ತದಿದ್ದಾಗ ಬಿಡಿಸಿ ಹೇಳಿದ್ದರು.

“ಮಂದಿ ಛತ್ರಿ ಹಿಡಕೊಂಡು ಹೊಂಟಿದ್ರ ಮಳಿ ಬರ್ತೈತಿ ಅಂತ ಊಹೆ ಮಾಡಬಹುದು. ಛತ್ರಿ ಬರೇ ಸೂಚನಾ. ಮಳಿ ತಂದದ್ದು ಛತ್ರಿ ಅಲ್ಲವ್ವಾ.”

ಅದನ್ನು ಅವರು ಯಾಕೆ ಅಷ್ಟು ಒತ್ತಿ ಹೇಳುತ್ತಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಅವರು ಮದುವೆಯಾಗಿ ಹೋದ ವರ್ಷವೇ ಮಾವ ತೀರಿಕೊಂಡಿದ್ದರು. ಮಗಳು ಹುಟ್ಟಿದ ಮೇಲೆ ಗಂಡನೂ ಅಪಘಾತದಲ್ಲಿ ಹೋದರು. ಇವಳ ಕಾಲ್ಗುಣ ಸರಿಯಿಲ್ಲವೆಂದು ಅತ್ತೆ ಮೊಮ್ಮಗಳನ್ನು ಇಟ್ಟುಕೊಂಡು ಇವರನ್ನು ಹೊರಗೆ ಕಳಿಸಿದ್ದರು. ಹೈದರಾಬಾದಿನಲ್ಲಿ ಕಾಲೂರಿ ಮಗಳನ್ನು ಕರೆತರುವುದೊಂದೇ ಅವರ ಹಂಬಲ.

ಹಿಮಾಯತ್‌ನಗರದಲ್ಲಿ ಮಗಳಿಗೆ ಹಳದಿ ಫ್ರಾಕು ಆರಿಸಿದಾಗ ನಾನೂ ಜೊತೆಗಿದ್ದೆ. ಅದನ್ನು ಹಿಡಿದು ಊರಿಗೆ ಹೋದರು. ಅತ್ತೆ ಆ ಸಲ ಒಳಗೆ ಬಿಟ್ಟರಂತೆ. ಮಗು ತೊಡೆಯ ಮೇಲೇ ನಿದ್ದೆ ಹೋಯಿತಂತೆ... ಅವರು ತಿರುಗಿ ಬಂದ ಮೇಲೆ ಮಗುವಿಗೆ ಜ್ವರ ಬಂತು. ಸುದ್ದಿ ತಿಳಿದು ಇವರು ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

“ಬಂದು ಮುಟ್ಟಿ ಹೋದಿ, ಅದಕ್ಕ ಹೋತು ಕೂಸು” ಎಂದು ಅತ್ತೆ ಬಾಗಿಲಲ್ಲೇ ಹೇಳಿದರಂತೆ.

ಮತ್ತೆ ಪಾಠಕ್ಕೆ ಬಂದರು. ಎಲ್ಲರೂ ಎದ್ದುಹೋದ ಮೇಲೂ ಕುರ್ಚಿಯಲ್ಲಿ ಹಾಗೇ ಕೂತಿದ್ದರು. ನಾನು ಹತ್ತಿರ ಹೋಗಿ, “ನೀವ ಕಲಿಸೀರಲ್ರಿ ಮೇಡಂ... ಮುಂಚೆ ಬಂದದ್ದೆಲ್ಲ ಕಾರಣ ಅಲ್ಲ ಅಂತ” ಎಂದೆ.

“ಹೌದವ್ವಾ, ಕಲಿಸೀನಿ. ಓಣ್ಯಾಗಿನ ಹುಡುಗೂರಿಗೆಲ್ಲ ಜ್ವರ ಇತ್ತು, ಅದೂ ಗೊತ್ತೈತಿ. ಆದ್ರೂ ನಾ ಹೋಗದಿದ್ರ ಉಳೀತಿತ್ತೇನೋ ಅನಸ್ತೈತಿ.”

ಸ್ವಲ್ಪ ದಿನಕ್ಕೆ ಹಾಸ್ಟೆಲ್ ಖಾಲಿ ಮಾಡಿಕೊಂಡು ಹೋದರು. ಎಲ್ಲಿಗೆಂದು ಯಾರಿಗೂ ಹೇಳಿರಲಿಲ್ಲ. ರಾಯಚೂರಿನವರು ಯಾರು ಸಿಕ್ಕರೂ ಬಹಳ ಕಾಲ ವಿಚಾರಿಸಿದೆ...

ಈಗ ಮೇಡಂ ಕಲಿಸಿದ ಆ ಲೆಕ್ಕಾಚಾರವೇ ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗಿಯರಿಗೆ ಸೂಚನೆ ಬೇರೆ, ಕಾರಣ ಬೇರೆ ಎಂದು ನಾನೇ ಹೇಳಿಕೊಡುತ್ತೇನೆ. ಅವರು ಸರಾಗವಾಗಿ ತಲೆಯಾಡಿಸುತ್ತಾರೆ. ಮೇಡಂ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ತಿಳಿಯದು. ಮಗಳು ಉಳಿದಿದ್ದರೆ ಈ ಹುಡುಗಿಯರದೇ ವಯಸ್ಸಿನವಳಾಗಿರುತ್ತಿದ್ದಳು.