ಬ್ಯಾಂಡ್‌ಸೆಟ್ಟಿಗೆ ಬಂದ ಕೊರಿಯಾ

ಢಂ ಢಂ, ಚಿಕಿ ಚಿಕಿ, ಢಂ. ಎದುರುಮನೆಯ ಕಿಟಕಿಯಿಂದ ಆ ಸದ್ದು ಹೊರಟರೆ ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಸಂಜೆ ಕಾಫಿಗೆ ಹಾಲಿಡುವ ಹೊತ್ತಿಗೆ ಸರಿಯಾಗಿ ಶುರು. ರಾಮನಗರದ ನಮ್ಮ ಬೀದಿಯಲ್ಲಿ ಕೊರಿಯಾದ ಸಂಗೀತಕ್ಕೆ ಮೊದಲು ತಾಳ ಹಾಕಿದ್ದು ನನ್ನ ತಟ್ಟೆಗಳು. ನಾನು ಆಮೇಲೆ.

ಕಾನ್ವೆಂಟಿನಲ್ಲಿ ಓದಿ, ಅದೇ ಕಾನ್ವೆಂಟಿನಲ್ಲಿ ಪಿಯಾನೊ ಹೇಳಿಕೊಟ್ಟು ರಿಟೈರ್ ಆದವಳು ನಾನು. ಊರಿನ ಅರ್ಧ ಜನಕ್ಕೆ ಇವತ್ತಿಗೂ ‘ಮಿಸ್’. ಎದುರುಮನೆಯ ಪೇಂಟ್ ಅಂಗಡಿಯ ಯಜಮಾನ ನನ್ನ ಹಳೇ ಸ್ಟೂಡೆಂಟ್. ಶ್ರುತಿಗೆ ಸೇರದ ಗಂಟಲು, ಪಾಪ, ಆದರೆ ವೆರಿ ಸಿನ್ಸಿಯರ್. ಅವನ ಇಬ್ಬರು ಹೆಣ್ಣುಮಕ್ಕಳ ಬಾಯಲ್ಲಿ ನಾನು ‘ಮಿಸ್ಸಜ್ಜಿ’.

ಇಬ್ಬರೂ ಕೊರಿಯನ್ ಪಾಪ್ ಭಕ್ತೆಯರು, ಆದರೆ ಪಂಥ ಬೇರೆ ಬೇರೆ. ದೊಡ್ಡವಳು ಕಾಲೇಜಿನ ದಿನಗಳಲ್ಲಿ ಕೇಳಿದ ಗುಂಪುಗಳೇ ಕಡೆ, ಆಮೇಲೆ ಬಂದದ್ದೆಲ್ಲ ಕೆಟ್ಟಿತು ಎನ್ನುವವಳು. ಚಿಕ್ಕವಳು ಈಗಷ್ಟೇ ಕಾಲೇಜು ಸೇರಿದವಳು. ಅಸಲಿ ಸಂಗೀತ ಶುರುವಾದದ್ದೇ ಈಗ ಎಂದು ಅವಳ ವಾದ. ಇಪ್ಪತ್ತಾರು ತುಂಬದ ದೊಡ್ಡವಳು ಮೊದಲ ಸಲ ನನ್ನೆದುರು “ನಮ್ ಕಾಲದಲ್ಲಿ” ಅಂದಾಗ, ನನ್ನ ಓರಗೆಯವರು ಯಾರಾದರೂ ಬಂದರೇನೋ ಎಂದು ನಾನು ಹಿಂದೆ ತಿರುಗಿ ನೋಡಿದೆ.

“ನಮ್ ಕಾಲದ ಹಾಡಲ್ಲಿ ಒಂದು ಕತೆ ಇರ್ತಿತ್ತು ಮಿಸ್ಸಜ್ಜಿ. ಮೆಲ್ಲಗೆ ಶುರುವಾಗಿ, ಏರಿ, ಮಧ್ಯೆ ಒಂದು ತಿರುವು ಬಂದು, ಕೊನೇಲಿ ಎಲ್ಲಾ ಸೇರಿ ಹಾಡೋರು. ಈಗಿನವು ಫೋನ್ ಮುಂದೆ ಕುಣಿಯೋಕೆ ಎಷ್ಟು ಬೇಕೋ ಅಷ್ಟೇ. ಉಳಿದದ್ದು ಕಟ್.”

“ನಿಮ್ ಕಾಲದಲ್ಲಿ ಒಂದೇ ಲೈನ್ ಗಿಣಿ ಥರ ಹೇಳಿದ್ದೇ ಹೇಳೋರು, ಅದನ್ನ ಯಾಕ್ ಹೇಳಲ್ಲ?” ಚಿಕ್ಕವಳು ಕಾಲು ಕೆರೆದುಕೊಂಡೇ ಬಂದಳು. “ಈಗಿನೋರು ಕಿರುಚಲ್ಲ, ಹಾಡ್ತಾರೆ. ತಮ್ಮ ಹಾಡು ತಾವೇ ಬರೀತಾರೆ. ಹುಡ್ಗೀರು ‘ನನ್ ಕಡೆ ನೋಡೋ’ ಅಂತ ಅಳ್ತಾ ಕೂರಲ್ಲ. ನಿಂದು ಮ್ಯೂಸಿಯಂ ಕಣೇ ಅಕ್ಕ, ಟಿಕೆಟ್ ತಗೊಂಡು ಒಳಗ್ ಬರ್ಬೇಕು.”

“ನಿಂದು ಪಾನಿಪುರಿ. ಬಾಯಿಗೆ ಹಾಕೋವಷ್ಟರಲ್ಲಿ ಮುಗ್ದೋಯ್ತು.”

ಫ್ರ್ಯಾಂಕ್ಲಿ, ನಾನು ದೊಡ್ಡವಳ ಪಕ್ಷ. ನಾವು ಹುಡುಗಿಯರಾಗಿದ್ದಾಗ ಮಧ್ಯಾಹ್ನದ ಬಿಡುವಿನಲ್ಲಿ ಕದ್ದು ಇಂಗ್ಲಿಷ್ ಡ್ಯಾನ್ಸ್ ಟ್ಯೂನ್ ನುಡಿಸಿದರೆ, ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಂದು ಪಿಯಾನೊ ಮುಚ್ಚಳ ಹಾಕಿ “ನಾಯ್ಸ್, ಗರ್ಲ್ಸ್, ನಾಯ್ಸ್” ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರು ನನಗೆ ಎಪ್ಪತ್ತು ದಾಟಿದ ಮೇಲೆ ಸರಿಯಾಗಿ ಒದಗಿತು.

ಅಷ್ಟರಲ್ಲಿ ದೊಡ್ಡವಳಿಗೆ ಮದುವೆ ಗೊತ್ತಾಯಿತು. ಗಂಡಿಗೆ ಮಾಗಡಿಯ ಬ್ಯಾಂಕಿನಲ್ಲಿ ಕೆಲಸ, ಅವನ ಕಡೆಯವರೆಲ್ಲ ತಿಪ್ಪಸಂದ್ರದ ಬೇಸಾಯಗಾರರು. ಕೆಂಗಲ್ ಆಂಜನೇಯನಿಗೆ ಪೂಜೆ ಮಾಡಿಸಿ ಅಲ್ಲಿಂದ ಹತ್ತಿರದ ಛತ್ರಕ್ಕೆ ಮೆರವಣಿಗೆ ಎಂದಾಯಿತು. ಮೆರವಣಿಗೆಯಲ್ಲಿ ತನ್ನ ಕೊರಿಯನ್ ಹಾಡು ಬೇಕು ಎಂದು ಮದುಮಗಳು ಹಟ ಹಿಡಿದಳು. ಬ್ಯಾಂಡ್‌ಸೆಟ್ ಇಲ್ಲದೆ ನಮ್ಮ ಮನೆಯಲ್ಲಿ ಮದುವೆಯೇ ನಡೆದಿಲ್ಲ ಎಂದು ಅಪ್ಪ. ಬ್ಯಾಂಡ್‌ಸೆಟ್ಟಿನಲ್ಲಿ ಕೊರಿಯನ್ನಾ, ಮಾನ ಹೋಗ್ತದೆ, ಡಿಜೆ ಹಾಕಿಸು ಎಂದು ಚಿಕ್ಕವಳು. ಕೊನೆಗೆ ಅಪ್ಪ ತೀರ್ಪು ಕೊಟ್ಟ: “ಬ್ಯಾಂಡ್ ಮಾಸ್ಟರ್ ಆ ಹಾಡು ನುಡಿಸಿದ್ರೆ ಬ್ಯಾಂಡು. ಇಲ್ಲಾಂದ್ರೆ ಡಿಜೆ. ಮಿಸ್ ಕೇಳಿ ಓಕೆ ಅನ್ಬೇಕು, ಅಷ್ಟೆ.”

ಈ ಡಿಜೆ ಬೇರೆ ಯಾರೂ ಅಲ್ಲ, ಬ್ಯಾಂಡ್ ಮಾಸ್ಟರ್‌ನ ಮಗನೇ! ರೇಷ್ಮೆಗೂಡಿನ ಮಾರ್ಕೆಟ್ಟಿನ ಹತ್ತಿರ ಅವರದೊಂದು ಮಳಿಗೆ. ಎಡಗೋಡೆಗೆ ಅಪ್ಪನ ಹಿತ್ತಾಳೆ ವಾದ್ಯಗಳು, ಬಲಗೋಡೆಗೆ ಮಗನ ಸ್ಪೀಕರ್ ಡಬ್ಬಗಳು. ಯಾರು ಬಂದು ಕೇಳಿದರೂ ದುಡ್ಡು ಹೋಗುವುದು ಒಂದೇ ಮನೆಗೆ. ಆದರೆ ಬರುವವರೆಲ್ಲ ಬಲಕ್ಕೇ ತಿರುಗುತ್ತಿದ್ದರು. ಬಿಳಿ ಕೋಟು, ಭುಜಕ್ಕೆ ಜರಿ, ಕೆಂಪು ಟೋಪಿಯಲ್ಲಿ ಊರಿನ ಎಷ್ಟೋ ಮದುವೆಗಳ ಮುಂದೆ ನಡೆದ ಮಾಸ್ಟರ್‌ಗೆ ಇದು ಸಹಿಸುವ ಮಾತಲ್ಲ. ಬೀದಿಯವರೆಲ್ಲ ಕೇಳುವ ಹಾಗೆ ಮಗನಿಗೆ ಹೇಳಿಬಿಟ್ಟಿದ್ದರು: “ಈ ಮದ್ವೆಲಿ ನಾನು ಸೋತ್ರೆ ಕ್ಲಾರಿನೆಟ್ ಪೆಟ್ಟಿಗೆಗೆ ಹಾಕಿ ಬೀಗ. ಆಮೇಲೆ ನಿನ್ ಸ್ಪೀಕರ್ ಒರಸ್ಕಂಡು ಕೂತಿರ್ತೀನಿ.”

ಹಾಗೆ ಹೇಳಿದ ಮಾರನೇ ದಿನವೇ ಕ್ಲಾರಿನೆಟ್ ಹಿಡಿದು ನನ್ನ ಬಾಗಿಲಿಗೆ ಬಂದರು.

“ಮಿಸ್, ಇಜ್ಜತ್ ಪ್ರಶ್ನೆ. ಕೊರಿಯಾದೋರು ಏನ್ ಹಾಡ್ತಾರೆ ಅಂತ ಒಸಿ ಬಿಡಿಸಿ ಹೇಳ್ಕೊಡಿ.”

ದೊಡ್ಡವಳ ಹಾಡು ನನ್ನ ಪಿಯಾನೊಗೆ ಸಲೀಸಾಗಿ ಬಂತು. ಒಳ್ಳೆಯ ಟ್ಯೂನ್, ಚರ್ಚಿನಲ್ಲಿ ಹಾಡಿದರೂ ಪಾದ್ರಿ ಬೇಡ ಎನ್ನುವ ಹಾಗಿರಲಿಲ್ಲ. ನಾನು ನೋಟ್ಸ್ ಬರೆಯಲು ಕನ್ನಡಕ ಹುಡುಕುವಷ್ಟರಲ್ಲಿ ಮಾಸ್ಟರ್ ಕಿವಿಯಲ್ಲೇ ಹಿಡಿದು ಊದತೊಡಗಿದರು. ಆದರೆ ಪ್ರತಿ ಸಾಲಿನ ಕೊನೆಗೆ ಒಂದು ಜಾರು, ಒಂದು ಕೊಂಕು, ಮದುವೆಯ ಊಟಕ್ಕೆ ಕರೆಯುವಂಥ ಒಂದು ಎಳೆತ.

“ಮಾಸ್ಟರ್, ಅದು ಕೊರಿಯಾದಲ್ಲಿ ಇಲ್ಲ.”

“ಇರ್ಬೇಕಿತ್ತು ಮಿಸ್.”

ಆಮೇಲೆ ಚಿಕ್ಕವಳು ತನ್ನ ಹಾಡೂ ಬೇಕೇ ಬೇಕು ಎಂದು ಫೋನ್ ಹಿಡಿದು ಬಂದಳು. ಕೇಳಿದೆವು. ಇನ್ನೊಮ್ಮೆ ಕೇಳಿದೆವು. ಮೂರು ಸ್ವರ, ಅದರ ಕೆಳಗೆ ಡ್ರಮ್ಮು, ನಡುವೆ ಒಂದು ಹುಡುಗಿ ಪಿಸುಗುಡುವುದು. ಮಾಸ್ಟರ್ ಆ ಮೂರು ಸ್ವರ ಊದಿ, ಮುಂದೇನು ಎಂದು ನನ್ನ ಮುಖ ನೋಡಿದರು. ಮುಂದೇನೂ ಇರಲಿಲ್ಲ.

“ಈ ಪಿಸುಪಿಸು ಹೆಂಗ್ ಊದ್ಲಿ? ಕ್ಲಾರಿನೆಟ್ಟು ಗುಟ್ಟು ಹೇಳಲ್ಲ ಮಿಸ್, ಡಂಗುರ ಹೊಡೀತದೆ.”

ನಾನು ಪಿಯಾನೊ ಮೇಲೆ ಕೈಯಿಟ್ಟು, ಕೊರಿಯಾದ ಸಂಗೀತ ಇಳಿಮುಖವಾಗಿದೆ, ಪ್ರೂವ್ ಆಯಿತು ಎಂದು ಘೋಷಿಸಿದೆ. ದೊಡ್ಡವಳು ಚಪ್ಪಾಳೆ ತಟ್ಟಿದಳು.

“ಪಿಯಾನೋಲಿ ನುಡಿದಿದ್ದಷ್ಟೇ ಹಾಡಾ?” ಚಿಕ್ಕವಳ ಮೂಗು ಕೆಂಪಾಗಿತ್ತು. “ಹಂಗಾದ್ರೆ ಸಾರಿನ ರುಚಿ ನೋಡೋಕೆ ಸ್ಕೇಲ್ ಹಿಡೀರಿ ಮಿಸ್ಸಜ್ಜಿ.”

ಪೇಂಟ್ ಅಂಗಡಿಯ ಯಜಮಾನ ಬಂದು ದೊಡ್ಡವಳ ಹಾಡು ಕೇಳಿದ, ನಾನು ಓಕೆ ಅಂದೆ, ಬ್ಯಾಂಡು ಗೊತ್ತಾಯಿತು. ಆದರೆ ಅವನು ಎದೆಗುಂದುವ ಸ್ವಭಾವದವನು. ಯಾವುದಕ್ಕೂ ಇರಲಿ ಎಂದು ಮಾಸ್ಟರ್‌ಗೆ ಹೇಳದೆ ಅವರ ಮಗನಿಗೂ ಗೂಡ್ಸ್ ಗಾಡಿಯಲ್ಲಿ ಸ್ಪೀಕರ್ ತುಂಬಿಕೊಂಡು ಹಿಂದೆ ಹಿಂದೆ ಬಾ ಎಂದಿದ್ದ.

ಮದುವೆ ಬಂತು. ಸಂಜೆ ಕೆಂಗಲ್‌ನಲ್ಲಿ ಪೂಜೆ ಮುಗಿದು, ಹೂವಿನ ಕಾರಿನಲ್ಲಿ ಹೆಣ್ಣು ಗಂಡು ಕೂತು, ಸರ್ವೀಸ್ ರೋಡಿನಲ್ಲಿ ಮೆರವಣಿಗೆ ಹೊರಟಿತು. ಮಾಸ್ಟರ್ ಮುಂದೆ ನಿಂತು ಕ್ಲಾರಿನೆಟ್ ಎತ್ತಿದರು. ಮೈ ಗುಡ್‌ನೆಸ್! ಇಷ್ಟು ದಿನ ನಾವು ಯಾರೂ ಯೋಚಿಸದೇ ಇದ್ದ ಸಂಗತಿಯೊಂದು ಅಲ್ಲಿ ತಿಳಿಯಿತು. ನನ್ನ ಮನೆಯಲ್ಲಿ ಅವರು ಕುರ್ಚಿಯ ಮೇಲೆ ಕೂತು ನುಡಿಸಿದ್ದರು. ರಸ್ತೆಯಲ್ಲಿ ಬ್ಯಾಂಡ್‌ಸೆಟ್ಟಿನವರು ನುಡಿಸುವುದು ಕಾಲಿನ ಅಳತೆಗೆ. ಹಿಂದೆ ಕಾರು ಫಸ್ಟ್ ಗೇರಿನಲ್ಲಿ ತೆವಳುತ್ತದೆ, ಮುಂದೆ ಇವರು ಹೆಜ್ಜೆಗೊಂದು ಸ್ವರ ಇಡುತ್ತಾರೆ. ಸ್ಟೇಡಿಯಂ ತುಂಬ ಹುಡುಗಿಯರು ಕಿರುಚಿದ್ದ ಆ ಹಾಡು ಕೆಂಗಲ್ ರಸ್ತೆಯಲ್ಲಿ, ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವಷ್ಟು ಜೋಪಾನವಾಗಿ ಸಾಗತೊಡಗಿತು.

ನನ್ನ ಪಕ್ಕ ನಡೆಯುತ್ತಿದ್ದ ತಿಪ್ಪಸಂದ್ರದ ಅಜ್ಜಿ, ವರನ ಕಡೆಯ ಹಿರಿಯಳು, ನನ್ನ ಕೈ ಹಿಡಿದಳು.

“ಯಾವ ದೇವ್ರ ಪದವಮ್ಮ ಇದು? ಕಣ್ಣಲ್ಲಿ ನೀರು ಬತ್ತದೆ.”

“ಒಸಿ ದೂರದ ದೇವರು,” ಎಂದೆ. ಬೇರೇನು ಹೇಳಲಿ?

ಅಜ್ಜಿ ಚಪ್ಪಲಿ ಬಿಚ್ಚಿ ಕಂಕುಳಿಗೆ ಇರುಕಿಕೊಂಡು ಕೈಮುಗಿದಳು. ಅವಳನ್ನು ನೋಡಿ ಹಿಂದಿನ ಹೆಂಗಸರೂ ಕೈಮುಗಿದರು. ಕಾರಿನಿಂದ ಮದುಮಗಳು ಬಾಗಿ, ಬಾಸಿಂಗದ ಕೆಳಗಿನಿಂದ ನನ್ನನ್ನು ದುರುಗುಟ್ಟಿ ನೋಡಿದಳು.

“ಮಿಸ್ಸಜ್ಜಿ, ಇದು ನನ್ ಹಾಡಾ?”

“ನಿಂದೇ ಡಿಯರ್. ಮದುವೆ ಮನೆ ಅಂತ ಮರ್ಯಾದೆ ಕಲ್ತಿದೆ.”

ಗಂಡಿನ ಸ್ನೇಹಿತರಿಗೆ ಮಾತ್ರ ತಾಳ್ಮೆ ಕೆಟ್ಟಿತು. “ಯಾರಾದ್ರೂ ಓಗ್‌ಬುಟ್ರೇನ್ಲಾ? ಮದ್ವೆ ಕಣ್ಲಾ ಇದು!” ಎಂದು ಒಬ್ಬ ಕೂಗಿದ. “ಇಂದ್ಗಡೆ ಡಿಜೆ ಐತೆ ಕಣ್ರಲಾ, ಆಕ್ಸ್ರಿ!” ಎಂದು ಇನ್ನೊಬ್ಬ.

ಮಾಸ್ಟರ್ ತಿರುಗಿ ನೋಡಿದರು. ಕಾರಿನ ಹಿಂದೆ ಮಗನ ಗಾಡಿ. ಕ್ಲಾರಿನೆಟ್ ತುಟಿಯಿಂದ ತಾನಾಗಿ ಕೆಳಗಿಳಿಯಿತು. ಬ್ಯಾಂಡು ಒಂದೊಂದಾಗಿ ನಿಂತಿತು. ಯಜಮಾನ ತನ್ನ ರೇಷ್ಮೆ ಪಂಚೆಯ ಅಂಚನ್ನೇ ನೋಡುತ್ತ ನಿಂತ. ಮಗ ಗಾಡಿಯಿಂದ ತಲೆ ಹೊರಗೆ ಹಾಕಿ ಅಪ್ಪನನ್ನು ಕರೆದು, “ಅಬ್ಬಾ, ಹಾಕ್ಬೇಕಾ ಬೇಡ್ವಾ, ನೀನೇ ಹೇಳು,” ಎಂದ. ಅವನ ದನಿಯಲ್ಲಿ ಗೆದ್ದವನ ಧಿಮಾಕು ಇರಲಿಲ್ಲ. ಮಾಸ್ಟರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಆಗ ಚಿಕ್ಕವಳು ಲಂಗ ಎತ್ತಿ ಹಿಡಿದು ಡ್ರಮ್ಮಿನವರ ಹತ್ತಿರ ಓಡಿ, ತನ್ನ ಹಾಡು ಹಾಕಿ ಅವರ ಕಿವಿಗೆ ಫೋನ್ ಹಿಡಿದಳು. “ಅಣ್ಣಾ, ನಂದು ಹೊಡೀರಿ. ಪ್ಲೀಸ್.”

ಹೊಡೆದರು ನೋಡಿ! ಕ್ಲಾರಿನೆಟ್ಟಿಗೆ ಕೆಲಸವಿಲ್ಲದ ಹಾಡಿನಲ್ಲಿ ಡ್ರಮ್ಮಿಗೆ ಮೃಷ್ಟಾನ್ನ ಇತ್ತು. ಇಷ್ಟು ವರ್ಷ ಮಾಸ್ಟರ್‌ನ ಬೆನ್ನು ನೋಡುತ್ತ ಆಕಳಿಸಿಕೊಂಡು ನಡೆದಿದ್ದ ಆ ಡೊಳ್ಳು ಹೊಟ್ಟೆಯ ಡ್ರಮ್ಮಿನವನಿಗೆ ಮೈಯೆಲ್ಲ ಕೈ ಬಂದ ಹಾಗಾಯಿತು. ಗಂಡಿನ ಸ್ನೇಹಿತರು ನುಗ್ಗಿದರು, ಪೇಂಟ್ ಅಂಗಡಿಯ ಕೆಲಸದವರು ನುಗ್ಗಿದರು. ಮೂರು ಸ್ವರ ಬರುವ ಜಾಗದಲ್ಲಿ ಮಾಸ್ಟರ್ ತಡೆಯಲಾರದೆ ಊದಿದರು. ಪಿಸುಮಾತಿನ ಜಾಗ ಬಂತು. ಕ್ಲಾರಿನೆಟ್ ಕಂಕುಳಲ್ಲಿಟ್ಟು ನಿಂತರು. ಎರಡನೇ ಸಲ ಆ ಜಾಗ ಬಂದಾಗ ಜರಿಯ ಭುಜವೊಂದು ಅಲುಗಿತು. ಮೂರನೇ ಸಲಕ್ಕೆ ಮಾಸ್ಟರ್ ಕುಣಿಯುತ್ತಿದ್ದರು. ಅಷ್ಟು ಮದುವೆಗಳಲ್ಲಿ ಬೇರೆಯವರನ್ನು ಕುಣಿಸಿದವರಿಗೆ ತಮ್ಮ ಕೈ ಖಾಲಿ ಸಿಕ್ಕಿದ್ದು ಅವತ್ತೇ ಮೊದಲು. ಮಗ ಗಾಡಿ ಬಿಟ್ಟಿಳಿದು ಬಂದು ಅಪ್ಪನೆದುರು ಕುಣಿದ. ಸ್ಪೀಕರ್ ಕೊನೆವರೆಗೂ ಬಾಯಿ ಬಿಡಲಿಲ್ಲ.

ತಿಪ್ಪಸಂದ್ರದ ಅಜ್ಜಿ ಇನ್ನೂ ಕೈಮುಗಿದುಕೊಂಡೇ ಇದ್ದಳು. “ಆಗ್ಲೇ ಮೈಮೇಲೆ ಬಂತಾ ಅವ್ರಿಗೆ?” ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ಊಟದ ಹೊತ್ತಿಗೆ ಅಕ್ಕತಂಗಿ ನನ್ನನ್ನು ಹಿಡಿದು ನಿಲ್ಲಿಸಿದರು. “ನಂದಕ್ಕೆ ಕೈಮುಗಿದ್ರು, ಇವಳದ್ದಕ್ಕೆ ಕುಣಿದ್ರು. ಯಾವುದು ಮೇಲು, ಹೇಳಿ ಮಿಸ್ಸಜ್ಜಿ.” ಹೋಳಿಗೆ ತಣ್ಣಗಾಗುತ್ತೆ ಎಂದು ನಾನು ಜಾಗ ಖಾಲಿ ಮಾಡಿದೆ. ನಿಜ ಹೇಳಬೇಕೆಂದರೆ, ನಿಧಾನವಾಗಿ ನಡೆಸಿದಾಗ ಆ ಹಳೆಯ ಹಾಡು ಎಷ್ಟು ಚೆಂದ ಇತ್ತೆಂದರೆ, ನನಗೂ ಚಪ್ಪಲಿ ಬಿಚ್ಚುವ ಮನಸ್ಸಾಗಿತ್ತು. ಆದರೆ ಕಾಲು, ಅದರ ಪಾಡಿಗೆ ಅದು, ಕುಣಿದದ್ದು ಚಿಕ್ಕವಳದ್ದಕ್ಕೆ.

ಕ್ಲಾರಿನೆಟ್ಟಿಗೆ ಬೀಗ ಬೀಳಲಿಲ್ಲ. ಹಳೆಯ ಬ್ಯಾಂಡೂ ಉಳಿಯಲಿಲ್ಲ ಅನ್ನಿ. ಮಗನ ಗಾಡಿಯ ಮೇಲೆ ಅಪ್ಪ ಹತ್ತಿದರು, ಎರಡೂ ಸೇರಿ ಒಂದೇ ಬೋರ್ಡ್ ಆಯಿತು.

ಮಾಸ್ಟರನ್ನು ನಾನು ಕೊನೆಯ ಸಲ ನೋಡಿದ್ದು ಕನಕಪುರ ರೋಡಿನ ತಿರುವಿನಲ್ಲಿ, ಔಷಧಿ ಅಂಗಡಿಯ ಮುಂದೆ. ಯಾವುದೋ ಮದುವೆಗೆ ಹೊರಟಿದ್ದ ಗಾಡಿ ಜನಸಂದಣಿಯಲ್ಲಿ ಸಿಕ್ಕಿಕೊಂಡು ನಿಂತಿತ್ತು. ಸ್ಪೀಕರ್ ಡಬ್ಬಗಳ ಮೇಲೆ ಬಿಳಿ ಕೋಟಿನಲ್ಲಿ, ಅಂಬಾರಿಯಲ್ಲಿ ಕೂತ ಹಾಗೆ ಕೂತಿದ್ದರು.

“ಮಾಸ್ಟರ್, ಕೊರಿಯಾ ಹೇಗಿದೆ?” ಎಂದು ಕೂಗಿದೆ.

“ದಿನಾ ಒಸಿ ಒಸಿ ಕೆಡ್ತಾ ಐತೆ ಮಿಸ್!” ಅವರ ಮುಖ ತುಂಬ ನಗು. “ನಮ್ಗೆ ಮಾತ್ರ ಒಳ್ಳೇದಾಗ್ತಾ ಐತೆ!”

ಮುಂದಿನ ಬಸ್ಸು ಸರಿಯಿತು. ಮಗ ಗೇರ್ ಹಾಕಿದ. ಮಾಸ್ಟರ್ ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡು, ಇನ್ನೊಂದರಲ್ಲಿ ಕ್ಲಾರಿನೆಟ್ ಬೀಸಿದರು.