ದುರ್ಗದ ನೀರನ್ನು ಮೇಲಕ್ಕೆ ಹರಿಸಿದವನು

ಕಳೆದ ಸೋಮವಾರ ನಾನೊಂದು ಪರೀಕ್ಷೆಯಲ್ಲಿ ಫೇಲಾದೆ. ಉತ್ತರ ಹೇಳಲು ಹೋದವನಲ್ಲ ನಾನು, ಪರೀಕ್ಷಕನಾಗಿ ಕೂತವನು!

ನಮ್ಮ ಚಿತ್ರದುರ್ಗದ ಕೋಟೆ ತೋರಿಸುವ ಗೈಡುಗಳಿಗೆ ಇನ್ನು ಮುಂದೆ ಹಿತ್ತಾಳೆ ಬಿಲ್ಲೆ ಕೊಡುತ್ತಾರಂತೆ. ಬಿಲ್ಲೆ ಇಲ್ಲದವರು ಜನರನ್ನು ಕರೆದುಕೊಂಡು ಬಾಗಿಲು ದಾಟುವಂತಿಲ್ಲ. ಬಿಲ್ಲೆ ಬೇಕಾದರೆ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಉತ್ತರಗಳೆಲ್ಲ ಕೋಟೆಯ ಕೈಪಿಡಿಯಲ್ಲಿವೆ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ ಕಚೇರಿಯ ಬೋರ್ಡುಗಳ ಜೊತೆಗೆ ಹೊಸದಾಗಿ ಬಂದ ಪುಸ್ತಕ ಅದು. ಬರೆದವರು ಯಾರು? ನಿಮ್ಮ ಈ ಅಂಕಣಕಾರನೇ. (ಹೆಸರು ಹಿಂದಿನ ರಟ್ಟಿನಲ್ಲಿದೆ. ಭೂತಗನ್ನಡಿ ಹಿಡಿದರೆ ಕಾಣುತ್ತದೆ.) ಹಾಗಾಗಿ ಬೆಂಗಳೂರಿನಿಂದ ಇಲ್ಲಿನ ಕಚೇರಿಗೆ ವರ್ಗವಾಗಿ ಬಂದ ಸಾಹೇಬರ ಪಕ್ಕದಲ್ಲಿ ನನಗೂ ಒಂದು ಕುರ್ಚಿ.

ಮೊದಲು ಬಂದ ಇಬ್ಬರು ನನ್ನ ವಾಕ್ಯಗಳನ್ನೇ ಗಿಳಿಪಾಠ ಒಪ್ಪಿಸಿದರು. ಪಾಳೆಯಗಾರರ ರಾಜಧಾನಿ, ಏಳು ಸುತ್ತಿನ ಕೋಟೆ, ಮದ್ದು ಅರೆಯುವ ಕಲ್ಲು, ತುಪ್ಪದ ಕೊಳ. ನಾನು ಕಾಮಾ ಹಾಕಿದ ಕಡೆಯೆಲ್ಲ ಉಸಿರು ತೆಗೆದುಕೊಂಡರು. ನಾನು ಉಬ್ಬಿಹೋದೆ.

ಮೂರನೆಯವನು ಮದಕರಿಪುರದ ಕಾಟಯ್ಯ. ಅರವತ್ತು ದಾಟಿದ ಕುರಿಗಾಹಿ, ಹೆಗಲ ಮೇಲೆ ಕಂಬಳಿ. ಕಾಲುನೋವು ಬಂದು ಕುರಿ ಕಾಯುವುದು ಬಿಟ್ಟ ಮೇಲೆ, ಬಂದವರಿಗೆ ನಿಧಾನವಾಗಿ ಕೋಟೆ ತೋರಿಸುತ್ತಾನೆ. ಅವನ ಹೊಟ್ಟೆಪಾಡು ಅದೇ. ಓದು ಬರಹ ಇಲ್ಲ.

"ಮೇಲಿನ ಹೊಂಡಗಳು ತುಂಬುವ ಕ್ರಮ ಹೇಳಿ," ಎಂದರು ಸಾಹೇಬರು.

"ಮೊದ್ಲು ಗೋಪಾಲಸ್ವಾಮಿ ಹೊಂಡ ತುಂಬ್ತೈತೆ ಸಾಮಿ. ಅದು ಕೋಡಿ ಬಿದ್ರೆ ಅಕ್ಕ-ತಂಗೇರ ಹೊಂಡಕ್ಕೆ ನೀರು ಇಳೀತೈತೆ. ಅಲ್ಲಿಂದ ಊರಾಗಿನ ಸಿಹಿನೀರು ಹೊಂಡಕ್ಕೆ."

ಸಾಹೇಬರು ಪುಟ ತಿರುವಿದರು. "ತಪ್ಪು. ಮೊದಲು ಅಕ್ಕ-ತಂಗಿ ಹೊಂಡ, ಆಮೇಲೆ ಗೋಪಾಲಸ್ವಾಮಿ ಹೊಂಡ. ಅಲ್ವೇ ಸಾರ್?"

ನಾನು ತಲೆಯಾಡಿಸಿದೆ. ಹೌದು, ಆಡಿಸಿಬಿಟ್ಟೆ.

ಕಾಟಯ್ಯ ಸಾಹೇಬರನ್ನು ಬಿಟ್ಟು ನನ್ನ ಕಡೆ ತಿರುಗಿದ. "ನೀವು ಕಡೇ ಸಲ ಗುಡ್ಡ ಹತ್ತಿದ್ದು ಯಾವಾಗ್ರಿ?"

ಸ್ಕೂಲಿನಲ್ಲಿದ್ದಾಗ ಹೋಗಿದ್ದು ಬಿಟ್ಟರೆ ಎರಡನೇ ಬಾಗಿಲು ದಾಟಿದವನಲ್ಲ ನಾನು. ನಾನೊಬ್ಬನೇ ಅಲ್ಲ, ದುರ್ಗದವರನ್ನು ಯಾರನ್ನಾದರೂ ಕೇಳಿ ನೋಡಿ. ಹಲ್ಲುಜ್ಜುತ್ತ ಕಿಟಕಿ ತೆಗೆದರೆ ಎದುರಿಗೇ ಕೋಟೆ. ದಿನಾ ಕಾಣುವುದನ್ನು ಹತ್ತಿ ಬೇರೆ ನೋಡುತ್ತಾರೆಯೇ? ಹೊಸದುರ್ಗದ ನೆಂಟರು, ಹೊಳಲ್ಕೆರೆಯ ನೆಂಟರು ಬಸ್ಸಿಳಿದು ಒಂದೇ ದಿನದಲ್ಲಿ ಎಲ್ಲ ನೋಡಿಬರುತ್ತಾರೆ. ನಾವು ಕೆಳಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಎಲ್ಲಿ ಎಡಕ್ಕೆ ತಿರುಗಬೇಕೆಂದು ಅವರಿಗೆ ಹೇಳಿಕೊಡುತ್ತೇವೆ. ಕೈಪಿಡಿಯನ್ನೂ ನಾನು ಮನೆಯ ಮೇಜಿನ ಮುಂದೆ ಕೂತೇ ಬರೆದೆ. ಅಕ್ಕ ಅಂದಮೇಲೆ ಹಿರಿಯಳು, ಮೊದಲು ತುಂಬಬೇಕಾದವಳು ಅವಳೇ ತಾನೆ? ಇದು ನನ್ನ ರಿಸರ್ಚು!

"ನೋಡೇಬಿಡೋಣ," ಎಂದು ಸಾಹೇಬರು ಎದ್ದರು.

"ಬರ್ರಿ, ಹೋಗಾಣ," ಎಂದ ಕಾಟಯ್ಯ.

ಹತ್ತುತ್ತ ಒಂದು ಸಂಗತಿ ಗಮನಿಸಿದೆ. ಕಾಟಯ್ಯ ಪ್ರತಿ ಮಾತಿಗೂ ಬಾಲ ಸೇರಿಸುತ್ತಿದ್ದ. ತುಪ್ಪದ ಕೊಳದ ಹತ್ತಿರ, "ಇಲ್ಲಿ ತುಪ್ಪ ತುಂಬಿಡ್ತಿದ್ರಂತೆ. ಇದು ಕೇಳಿದ್ದು," ಎಂದ. ಬಾಗಿಲುಗಳು ಹೀಗೆ ಸೊಟ್ಟಕ್ಕೆ ಯಾಕಿವೆ ಎಂದು ಕೇಳಿದೆ. "ಆನೆ ಓಡಿ ಬಂದು ಗುದ್ದಬಾರ್ದು ಅಂತ. ಇದೂ ಕೇಳಿದ್ದು." ನನ್ನ ಇಡೀ ಪುಸ್ತಕದಲ್ಲಿ ಅಂಥದೊಂದು ಬಾಲ ಹುಡುಕಿದರೂ ಸಿಗುವುದಿಲ್ಲ.

ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ನಿಂತ. ಕೋಡಿ ಬೀಳುವ ಜಾಗಕ್ಕೆ ಕೋಲು ಮುಟ್ಟಿಸಿ, ಅಲ್ಲಿಂದ ಬಂಡೆಗಳ ನಡುವೆ ನೀರಿನ ಜಾಡು ಹಿಡಿದು ಇಳಿದ. ನಾವು ಹಿಂದೆ. ಜಾಡು ನೆಟ್ಟಗೆ ಹೋಗಿ ಮುಟ್ಟಿದ್ದು ಅಕ್ಕ-ತಂಗಿ ಹೊಂಡವನ್ನೇ. "ಮಳೆಗಾಲ್ದಾಗೆ ಕುರಿ ಹೊಡ್ಕಂಡು ಇದೇ ನೀರಿನ ಜೊತೆ ಇಳೀತಿದ್ದೆ. ಇದು ಕಂಡಿದ್ದು," ಎಂದ.

ನನ್ನ ಮುಖ ಸಣ್ಣದಾಯಿತು. ಆದರೆ ಕುತೂಹಲ ದೊಡ್ಡದಾಯಿತು, ಅದನ್ನೂ ಹೇಳಬೇಕು. ಚಿಕ್ಕಂದಿನಲ್ಲಿ ಅವ್ವ ಬಿಂದಿಗೆ ಹೊತ್ತು ಸಿಹಿನೀರು ಹೊಂಡದಿಂದ ನೀರು ತರುತ್ತಿದ್ದಳು. ಒಂದು ಕಾಲಕ್ಕೆ ಕೋಟೆಯ ಅರಮನೆಯವರು ಕುಡಿಯುತ್ತಿದ್ದ ನೀರೇ ಇಳಿದಿಳಿದು ನಮ್ಮನೆ ಹಂಡೆಗೆ ಬರುತ್ತಿತ್ತೇ? ಇಷ್ಟು ವರ್ಷ ಕುಡಿದೆ, ಎಲ್ಲಿಂದ ಬಂತೆಂದು ಒಂದು ದಿನವೂ ಕೇಳಲಿಲ್ಲವಲ್ಲ! ನಿಜಕ್ಕೂ ನಾಚಿಕೆಯಾಯಿತು.

"ತಪ್ಪು ನನ್ನದು ಸಾರ್. ಬಿಲ್ಲೆ ಕೊಟ್ಟುಬಿಡಿ," ಎಂದೆ.

ಸಾಹೇಬರು ಬೆವರು ಒರೆಸಿಕೊಂಡರು. "ಕಣ್ಣಾರೆ ಕಂಡೆ, ಒಪ್ಪಿದೆ. ಆದರೆ ಫೈಲು ಗುಡ್ಡ ಹತ್ತುವುದಿಲ್ಲವಲ್ಲ. ಅಚ್ಚಾದದ್ದು ತಪ್ಪು ಅಂತ ಅಚ್ಚಿನಲ್ಲೇ ಬರಬೇಕು. ಆ ಕಾಗದ ತನ್ನಿ, ಅವತ್ತೇ ಸಹಿ ಹಾಕುತ್ತೇನೆ."

ಕಾಟಯ್ಯ ನನ್ನನ್ನು ನೋಡಿದ. "ಅಲ್ಲೀಗಂಟ ನಾನು ಬಾಗ್ಲಾಗೆ ನಿಲ್ಬೇಕೇನ್ರಿ?"

ಅದಕ್ಕೇ ಈ ವಾರದ ಅಂಕಣ. ಓದುಗರೇ, ಕೈಪಿಡಿ ಇಟ್ಟುಕೊಂಡವರು ಹೊಂಡಗಳ ಪುಟ ತೆಗೆದು ತಿದ್ದಿಕೊಳ್ಳಿ: ಗೋಪಾಲಸ್ವಾಮಿ ಹೊಂಡದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ನಾಳೆ ಬೆಳಗ್ಗೆ ಈ ಪುಟ ಕತ್ತರಿಸಿ ಸಾಹೇಬರ ಮೇಜಿನ ಮೇಲೆ ಇಡುತ್ತೇನೆ. ಬಿಲ್ಲೆ ಕಾಟಯ್ಯನ ಎದೆಯ ಮೇಲೆ ಕೂರುವವರೆಗೆ ಅಲ್ಲಿಂದ ಏಳುವುದಿಲ್ಲ.

ಅಲ್ಲಾ, ಕೋಟೆ ತೋರಿಸುವವನಿಗೆ ಪರೀಕ್ಷೆ ಇಟ್ಟರಲ್ಲ, ಬರೆದವನಿಗೆ ಯಾಕೆ ಇಡಲಿಲ್ಲ?